ಬ್ಯಾಡಗಿ ಚನ್ನವೀರಪ್ಪನವರ ಪಿಸ್ತೂಲು

ಹುಬ್ಬಳ್ಳಿಯಿಂದ ಬೆಳಗಿನ ಪ್ಯಾಸೆಂಜರ್ ಗಾಡಿ ಹಿಡಿದು ನಾವಿಬ್ಬರೂ ಹಾವೇರಿಗೆ ಹೊರಟೆವು. ನಾನು ಹೊರಟದ್ದು ಪಿಸ್ತೂಲು ನೋಡಲಿಕ್ಕೆ, ನನ್ನ ಹೆಂಡತಿ ಶಾಂತಾ ಹೊರಟದ್ದು ಬ್ಯಾಡಗಿಯಲ್ಲಿ ವರ್ಷದ ಮೆಣಸಿನಕಾಯಿ ತರಲಿಕ್ಕೆ. ಮನೆಯಲ್ಲಿ ಪಿಸ್ತೂಲು ಇರುವುದು ಆಕೆಗೆ ಸ್ವಲ್ಪವೂ ಇಷ್ಟವಿರಲಿಲ್ಲ. ಆದರೂ ಕುಂದಗೋಳ ದಾಟುವಾಗ ಡಬ್ಬಿ ಬಿಚ್ಚಿ ಚಪಾತಿ, ಶೇಂಗಾ ಚಟ್ನಿ ಕೊಟ್ಟಳು. "ತಿನ್ರಿ. ಖಾಲಿ ಹೊಟ್ಟ್ಯಾಗ ಹೋದ್ರ ಕಂಡದ್ದೆಲ್ಲಾ ಚಂದ ಕಾಣ್ತೈತಿ ನಿಮಗ" ಎಂದಳು.

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಲೇತ್ ವರ್ಕ್‌ಶಾಪ್ ಇದೆ. ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿದಾಗ ಹತ್ತಿದ ಗುರಿ ಹೊಡೆಯುವ ಹುಚ್ಚು ನರೆ ಬಂದರೂ ಬಿಟ್ಟಿರಲಿಲ್ಲ. ಭಾನುವಾರಕ್ಕೊಮ್ಮೆ ಕ್ಲಬ್ಬಿನ ರೇಂಜಿಗೆ ಹೋಗಿ ಬೇರೆಯವರ ಬಂದೂಕು ಹಿಡಿದು ಸಮಾಧಾನ ಪಡುತ್ತಿದ್ದೆ. ಬಹಳ ಓಡಾಟದ ನಂತರ ಸ್ವಂತ ಲೈಸೆನ್ಸ್ ಕೈಗೆ ಬಂದಿತ್ತು. ವಿದೇಶಿ ಪಿಸ್ತೂಲುಗಳ ಆಮದು ನಿಂತು ಎಷ್ಟೋ ಕಾಲವಾಗಿತ್ತು. ಹಳೆಯದು ಬೇಕೆಂದರೆ ಯಾರಾದರೂ ಮಾರಬೇಕು, ಸರ್ಕಾರದ ಒಪ್ಪಿಗೆ ಸಿಗಬೇಕು. ಹಾವೇರಿಯ ಬಂದೂಕಿನ ಅಂಗಡಿಯವರು, "ಬೆಲ್ಜಿಯಂ ಮಾಲು ಒಂದೈತ್ರಿ, ಬಂದು ನೋಡಿ ಹೋಗ್ರಿ" ಎಂದು ಫೋನ್ ಮಾಡಿದ ದಿನ ನನಗೆ ಕೆಲಸದಲ್ಲಿ ಮನಸ್ಸೇ ನಿಲ್ಲಲಿಲ್ಲ.

ಹಾವೇರಿಯಲ್ಲಿ ಇಳಿದಾಗ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಸ್ಟೇಷನ್ನಿನಿಂದ ಆಟೊದಲ್ಲಿ ಹೋದೆವು. ಕಚೇರಿ, ಕೋರ್ಟುಗಳ ಸುತ್ತ ಜನವೋ ಜನ. ಅಂಗಡಿಯ ಮಾಲೀಕ ಗುರುಪಾದಪ್ಪನವರು ಕಬ್ಬಿಣದ ತಿಜೋರಿ ತೆರೆದು, ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ್ದ ಪಿಸ್ತೂಲನ್ನು ಮೇಜಿನ ಮೇಲೆ ಬಿಚ್ಚಿಟ್ಟರು. ಬ್ಯಾಡಗಿಯ ಚನ್ನವೀರಪ್ಪನವರು ಎಂಬ ಹಿರಿಯರದಂತೆ. ಮೆಣಸಿನಕಾಯಿ ದಲಾಲಿ ಅಂಗಡಿ ನಡೆಸಿದವರು. ಮೂರು ವರ್ಷದ ಹಿಂದೆ ತಾವೇ ಬಂದು ಇಲ್ಲಿ ಇಟ್ಟು ಹೋದವರು ತಿರುಗಿ ಒಮ್ಮೆಯೂ ನೋಡಲು ಬಂದಿರಲಿಲ್ಲ.

ಅದು ಅಂಗೈಯಗಲದ ಸೆಮಿ ಆಟೊಮ್ಯಾಟಿಕ್. ಒಂದು ಗುಂಡು ಹಾರಿದೊಡನೆ ಮುಂದಿನದು ತಾನಾಗಿಯೇ ನಳಿಗೆಗೆ ಏರುವಂಥದ್ದು. ಕೈಯಲ್ಲಿ ಹಿಡಿದಾಗ, ಬಹಳ ಜನರ ಕೈ ಕುಲುಕಿದ ಹಿರಿಯರೊಬ್ಬರ ಕೈ ಹಿಡಿದಂತಾಯಿತು. ಚರ್ಮದ ಚೀಲದಲ್ಲಿ ಹೋಗಿ ಬಂದು ನಳಿಗೆಯ ತುದಿಯ ಕಪ್ಪು ಬಣ್ಣ ಸವೆದು ಬೆಳ್ಳಗಾಗಿತ್ತು. ಹಿಡಿಕೆಯ ಎಡಗಡೆಯ ಪಟ್ಟಿ ಮೂಲದ್ದು, ಬಲಗಡೆಯದು ಯಾರೋ ಬಡಿಗರು ಬೀಟೆ ಮರದಲ್ಲಿ ಕೆತ್ತಿ ಕೂಡಿಸಿದ್ದು. ಬಿಡಿಭಾಗಗಳ ಮೇಲಿನ ನಂಬರುಗಳು ಒಂದಕ್ಕೊಂದು ತಾಳೆಯಾದವು. ಗುಂಡು ತುಂಬುವ ಮ್ಯಾಗಜಿನ್ ತೆಗೆದು, ನಳಿಗೆಯಲ್ಲಿ ಏನೂ ಇಲ್ಲವೆಂದು ಎರಡೆರಡು ಸಲ ನೋಡಿಕೊಂಡು, ಬಾಗಿಲ ಬೆಳಕಿಗೆ ಹಿಡಿದು ಒಳಗೆ ಇಣುಕಿದೆ. ಒಳಗಿನ ಸುರುಳಿ ಗೆರೆಗಳು ಸವೆದಿದ್ದರೂ ಇನ್ನೂ ಇದ್ದವು. ಸ್ಪ್ರಿಂಗ್ ದಣಿದಿತ್ತು. ಇದು ತಿಜೋರಿಯಲ್ಲಿ ಮಲಗಿ ಮುಪ್ಪಾದ ಪಿಸ್ತೂಲಲ್ಲ, ದುಡಿದು ಮುಪ್ಪಾದದ್ದು.

ಗುಂಡು ಅಕಸ್ಮಾತ್ ಹಾರದಂತೆ ತಡೆಯುವ ಸೇಫ್ಟಿ ಲಾಕ್ ಹಾಕಿದಾಗ ಮಾತ್ರ ನನ್ನ ಹೆಬ್ಬೆರಳಿಗೆ ಏನೋ ಸರಿ ಎನಿಸಲಿಲ್ಲ. ಕೂಡಬೇಕಾದಲ್ಲಿ ಕೂಡದೆ ಜಾರಿದಂತಿತ್ತು. ಗುರುಪಾದಪ್ಪನವರಿಂದ ಒಂದು ಪೆನ್ಸಿಲ್, ಒಂದು ಮರದ ಸುತ್ತಿಗೆ ಕೇಳಿ ಪಡೆದೆ. ಖಾಲಿ ಪಿಸ್ತೂಲಿನ ಸ್ಲೈಡ್ ಎಳೆದು ಬಿಟ್ಟು, ಸೇಫ್ಟಿ ಹಾಕಿ, ಪೆನ್ಸಿಲ್ಲನ್ನು ನಳಿಗೆಯೊಳಗೆ ಇಳಿಬಿಟ್ಟೆ. ಟ್ರಿಗರ್ ಮುಟ್ಟದೆ, ಸುತ್ತಿಗೆಯಿಂದ ಹಿಂದಿನಿಂದ ಮೆಲ್ಲಗೆ ಒಂದು ಪೆಟ್ಟು ಕೊಟ್ಟೆ. ಗುಂಡಿಗೆ ಬಡಿಯುವ ಒಳಗಿನ ಸೂಜಿ ಹೊಡೆದು ಪೆನ್ಸಿಲ್ ಚಂಗನೆ ಹಾರಿ ಗೋಡೆಗೆ ಬಡಿಯಿತು. ಎಂದರೆ, ಗುಂಡು ಇದ್ದಿದ್ದರೆ ಅದೂ ಹಾರುತ್ತಿತ್ತು. ಸೂಜಿಯನ್ನು ತಡೆದು ಹಿಡಿಯುವ ಕೊಕ್ಕೆ ಸವೆದು, ಸೇಫ್ಟಿ ಹೆಸರಿಗಷ್ಟೇ ಉಳಿದಿತ್ತು.

"ಅಯ್ಯ, ಇದು ನನಗೂ ಗೊತ್ತಿರಲಿಲ್ರಿ" ಎಂದರು ಗುರುಪಾದಪ್ಪ. "ಮಾಲಕರನ್ನ ಭೆಟ್ಟಿ ಆಗ್ರಿ. ಯಾರು ತಗೋತಾರ ಅಂತ ನೋಡದ ಅವರು ಕೊಡಂಗಿಲ್ಲ."

"ಹಂಗಾರ ಬಿಟ್ಟಬಿಡ್ರಿ" ಎಂದಳು ಶಾಂತಾ, ಆಸೆಯಿಂದ. ಬಿಡುವ ಮನಸ್ಸು ನನಗಿರಲಿಲ್ಲ. ಆ ಕೊಕ್ಕೆಯನ್ನು ಬದಲಿಸಬಹುದೆಂದು ನನ್ನ ಕಸುಬು ಹೇಳುತ್ತಿತ್ತು.

ಅವತ್ತಿನ ವಸ್ತಿ ರಾಣೆಬೆನ್ನೂರಿನಲ್ಲಿ, ಶಾಂತಾಳ ಅಕ್ಕ ನೀಲಕ್ಕನ ಮನೆಯಲ್ಲಿ. ಬಸ್ಸು ಹೆದ್ದಾರಿಯುದ್ದಕ್ಕೂ ರಸ್ತೆ ಅಗಲಿಸುವ ಕೆಲಸದ ಧೂಳು ಕುಡಿಯುತ್ತ ಸಾಗಿತು. ಇಳಿಯುವಾಗ ಇಬ್ಬರ ತಲೆಯೂ ಕೆಂಪಾಗಿತ್ತು. ನೀಲಕ್ಕ ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟು, ನಾನು ಬಂದ ಕೆಲಸ ಕೇಳಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಲ್ರೀ, ಈ ವಯಸ್ಸಿನ್ಯಾಗ ಮನಿಗೆ ತರಾಕ ಬ್ಯಾರೆ ಏನೂ ಸಿಗಲಿಲ್ಲೇನ್ ನಿಮಗ? ಒಂದು ಆಕಳಾರ ತರಬಾರದಾ?" ಬೈಯುತ್ತಲೇ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಅಕ್ಕತಂಗಿಯರು ಸೇರಿ ನನ್ನನ್ನು ನಗೆಪಾಟಲು ಮಾಡಿದ ಆ ಊಟದಷ್ಟು ರುಚಿಯ ಊಟ ಈಚೆಗೆ ಉಂಡಿರಲಿಲ್ಲ.

ಮರುದಿನ ಬ್ಯಾಡಗಿಯಲ್ಲಿ ಮಾರುಕಟ್ಟೆಯ ದಿನ. ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಬಸ್ಸು ತಿರುಗಿದಾಗಲೇ ಮೆಣಸಿನಕಾಯಿ ಚೀಲ ಹೇರಿದ ಲಾರಿ, ಟ್ರ್ಯಾಕ್ಟರುಗಳ ಸಾಲು ಕಂಡಿತು. ಊರು ಇನ್ನೂ ದೂರವಿರುವಾಗಲೇ ಬಸ್ಸಿನಲ್ಲಿದ್ದವರು ಒಬ್ಬೊಬ್ಬರಾಗಿ ಸೀನತೊಡಗಿದರು. ಮಾರುಕಟ್ಟೆಯೊಳಗೆ ಕಾಲಿಟ್ಟರೆ ನೆಲವೆಲ್ಲ ಕೆಂಪು. ಶಾಂತಾ ಮೂಗಿಗೆ ಸೆರಗು ಕಟ್ಟಿಕೊಂಡು ರಾಶಿಯಿಂದ ರಾಶಿಗೆ ಓಡಾಡಿದಳು. ಮುದುಡಿದ ಕಾಯಿಯನ್ನು ಮುರಿದಳು, ಮೂಸಿದಳು, ಅಂಗೈಗೆ ತಿಕ್ಕಿ ಬಣ್ಣ ನೋಡಿದಳು. ಪಿಸ್ತೂಲು ನೋಡಲು ನಾನು ತೆಗೆದುಕೊಂಡ ಹೊತ್ತಿಗಿಂತ ಹೆಚ್ಚು ಹೊತ್ತು ಆಕೆಗೆ ಹಿಡಿಯಿತು. ನಾನು ಚೀಲ ಹಿಡಿದು ಹಿಂದೆ ಹಿಂದೆ ನಡೆದೆ.

ಚನ್ನವೀರಪ್ಪನವರ ಮನೆ ಕೇಳಿದರೆ ಯಾರಾದರೂ ತೋರಿಸುತ್ತಿದ್ದರು. ಎಂಬತ್ತು ದಾಟಿದ, ಎತ್ತರದ, ಶುಭ್ರವಾದ ಧೋತರದ ಹಿರಿಯರು. ಪಡಸಾಲೆಯ ಮಂಚದ ಮೇಲೆ ಎರಡೂ ಕೈಗಳನ್ನು ಶಾಲಿನೊಳಗೆ ಇಟ್ಟುಕೊಂಡು ಕೂತಿದ್ದರು. ನಮಸ್ಕಾರಕ್ಕೂ ಕೈ ಹೊರಗೆ ತೆಗೆಯದೆ ತಲೆ ಬಾಗಿಸಿದರು. "ಬರ್ರಿ, ಕುಂದರ್ರಿ. ಚಹಾ ಕುಡೀರಿ ಮೊದ್ಲ" ಎಂದರು. ಅವರ ಹೆಂಡತಿ ಗಂಗವ್ವನವರು ನಮಗೆ ಚಹಾ ಕೊಟ್ಟು, ಗಂಡನ ಬಟ್ಟಲನ್ನು ತಾವೇ ಹಿಡಿದು ಕುಡಿಸಿದರು. ಪಾರ್ಶ್ವವಾಯು ಆಗಿರಬೇಕೆಂದು ನಾನು ತಿಳಿದೆ.

ಆಮೇಲೆ ಅವರು ಮೆಲ್ಲಗೆ ಕೇಳಿದರು, "ಹ್ಯಾಂಗೈತ್ರಿ ಅದು?" ದೂರದೂರಿನಲ್ಲಿರುವ ನೆಂಟರ ಆರೋಗ್ಯ ವಿಚಾರಿಸಿದಂತಿತ್ತು.

ಕಂಡದ್ದನ್ನು ಕಂಡಂತೆ ಹೇಳಿದೆ. ನಳಿಗೆ ಸವೆದಿದೆ, ಸ್ಪ್ರಿಂಗ್ ಬದಲಿಸಬೇಕು, ಬೀಟೆಯ ಹಿಡಿಕೆ ಚಂದ ಇದೆ ಎಂದೆ. "ಅದು ರಾಣೆಬೆನ್ನೂರಾಗ ಮಾಡಿಸಿದ್ದು" ಎನ್ನುವಾಗ ಅವರ ಮುಖ ಅರಳಿತು. ಕೊನೆಗೆ, "ಆದ್ರ ಸೇಫ್ಟಿ ನಿಲ್ಲಂಗಿಲ್ರಿ ಯಜಮಾನ್ರ. ಹಾಕಿದ್ರೂ ಅಷ್ಟ, ಬಿಟ್ರೂ ಅಷ್ಟ. ಒಂದು ಸಣ್ಣ ಪೆಟ್ಟು ಬಿದ್ರ ಸಾಕು, ತಾನ ಹೊಡೀತೈತಿ" ಎಂದೆ.

ಅಡುಗೆಮನೆಗೆ ಹೊರಟಿದ್ದ ಗಂಗವ್ವ ಹೊಸ್ತಿಲಲ್ಲೇ ನಿಂತರು. ಚನ್ನವೀರಪ್ಪನವರು ನನ್ನನ್ನೇ ದಿಟ್ಟಿಸಿದರು. "ಇನ್ನೊಮ್ಮೆ ಹೇಳ್ರಿ."

ಇನ್ನೊಮ್ಮೆ ಹೇಳಿದೆ.

"ಇಲ್ಲ" ಎಂದರು ಅವರು. "ಈಕಿ ಹೇಳಿಕೊಟ್ಟಾಳ ನಿಮಗ. ನನ್ನ ಸಮಾಧಾನಕ್ಕ ಹೇಳಾಕತ್ತೀರಿ."

"ನಾ ಇವರ ಮಾರಿ ಇವತ್ತ ನೋಡಾಕತ್ತೇನಿ. ನಾ ಏನ್ ಹೇಳಿಕೊಡ್ಲಿ?" ಎಂದ ಗಂಗವ್ವ ನಮ್ಮನ್ನು ಅಡುಗೆಮನೆಯ ಬಾಗಿಲಿಗೆ ಕರೆದರು. ಸಾಗವಾನಿಯ ಚೌಕಟ್ಟಿನಲ್ಲಿ, ಗಂಗವ್ವನವರ ಕಿವಿಯ ಎತ್ತರಕ್ಕೆ, ಕಿರುಬೆರಳು ಹೋಗುವಷ್ಟು ತೂತು. ಅದರೊಳಗೆ ಒಂದು ಗೂಟ ಬಡಿದು ಕೀಲಿಗೊಂಚಲು ತೂಗುಹಾಕಿದ್ದರು.

ನಡೆದದ್ದನ್ನು ಗಂಗವ್ವನವರೇ ಹೇಳಿದರು. ಮೂರು ವರ್ಷದ ಹಿಂದಿನ ಒಂದು ಮುಂಜಾನೆ ಚನ್ನವೀರಪ್ಪನವರು ಗುಂಡು ತುಂಬಿದ ಪಿಸ್ತೂಲನ್ನು ಮೇಜಿನ ಮೇಲೆ ಇಡುತ್ತಿದ್ದರು. ಆಗಲೇ ಕೈ ಸ್ವಲ್ಪ ನಡುಗುತ್ತಿತ್ತು. ಮೂತಿ ತುಸು ಮೇಲಕ್ಕಿದ್ದ ಪಿಸ್ತೂಲಿನ ತಳ ಮೇಜಿಗೆ ಟಕ್ಕೆಂದು ತಾಗಿದ ಕ್ಷಣಕ್ಕೆ ಗುಂಡು ಹಾರಿತು. ಬಾಗಿಲಲ್ಲಿ ನಿಂತಿದ್ದ ಗಂಗವ್ವನ ಕಿವಿಯ ಪಕ್ಕದಿಂದ ಹೋಗಿ ಮರದಲ್ಲಿ ನಾಟಿತು. ಆಕೆಗೆ ಒಂದು ಗೀರೂ ಬೀಳಲಿಲ್ಲ. ಆದರೆ ತಮ್ಮ ಬೆರಳೇ ಅರಿವಿಲ್ಲದೆ ಟ್ರಿಗರ್ ಒತ್ತಿತೆಂದು ಚನ್ನವೀರಪ್ಪನವರು ನಂಬಿಬಿಟ್ಟರು. ಅವತ್ತೇ ಪಿಸ್ತೂಲನ್ನು ಹಾವೇರಿಯ ಅಂಗಡಿಗೆ ಒಪ್ಪಿಸಿ ಬಂದರು.

"ಅವತ್ತಿನಿಂದ ಈ ಕೈ ನಂಬಂಗಿಲ್ಲ ಅಂತಾರ್ರಿ" ಎಂದರು ಗಂಗವ್ವ. "ಚಹಾದ ಬಟ್ಟಲಾ ಹಿಡಿಯಂಗಿಲ್ಲ, ನಾ ಹತ್ತಿರ ಇದ್ರ ಊರಗೋಲು ಸುದ್ದಾ ಹಿಡಿಯಂಗಿಲ್ಲ. ಮರಿಮಗಳು ಹುಟ್ಟಿ ವರ್ಷ ಆತು, ಎತ್ತಿಕೊಂಡಿಲ್ಲ. ನಿಮ್ಮ ಬೆರಳು ಅಲ್ಲಿ ಇರಲೇ ಇಲ್ಲ, ನಾ ನೋಡೇನಿ ಅಂತ ಎಷ್ಟು ಸಲ ಹೇಳಿದ್ರೂ ಕೇಳಂಗಿಲ್ಲ."

ಮಂಚದ ಮೇಲಿಂದ ಅವರೆಂದರು, "ನನಗ ತೋರಸ್ರಿ. ನನ್ನ ಕಣ್ಣಿಂದ ನೋಡಬೇಕು."

ಅವರ ಮನೆಯ ಜೀಪು ಹಾವೇರಿಗೆ ಹೊರಟಿತು. ಡ್ರೈವರನ ಪಕ್ಕ ನಾನು, ಹಿಂದೆ ಹಿರಿಯರಿಬ್ಬರು, ಶಾಂತಾ ಮತ್ತು ಆಕೆಯ ಮೆಣಸಿನಕಾಯಿ ಚೀಲ. ದಾರಿಯುದ್ದಕ್ಕೂ ಎಲ್ಲರೂ ಸೀನಿದೆವು. ನನಗೆ ಒಂದೇ ಯೋಚನೆ. ನಿನ್ನೆ ಹಾರಿದ ಪೆನ್ಸಿಲ್ ಇವತ್ತು ಹಾರದಿದ್ದರೆ? ಸವೆದ ಯಂತ್ರಗಳು ಒಂದೊಂದು ದಿನ ಸರಿಯಾಗಿಯೇ ನಡೆದುಬಿಡುತ್ತವೆ. ಅದು ನನಗೆ ಚೆನ್ನಾಗಿ ಗೊತ್ತು. ನಡುವೆ ಒಮ್ಮೆ ತಿರುಗಿ ನೋಡಿದಾಗ ಶಾಂತಾ ಗಂಗವ್ವನ ಕೈ ಹಿಡಿದುಕೊಂಡಿದ್ದಳು.

ಅಂಗಡಿಯಲ್ಲಿ ಗುರುಪಾದಪ್ಪನವರು ಬಟ್ಟೆಯ ಗಂಟು ಬಿಚ್ಚಿದರು. ಚನ್ನವೀರಪ್ಪನವರು ಒಂದು ಹೆಜ್ಜೆ ಹಿಂದೆ ಸರಿದರು. ನಾನು ನಳಿಗೆ ಖಾಲಿ ಇರುವುದನ್ನು ಅವರಿಗೆ ತೋರಿಸಿ, ಸ್ಲೈಡ್ ಎಳೆದು ಬಿಟ್ಟು, ಸೇಫ್ಟಿ ಹಾಕಿ, ಪೆನ್ಸಿಲ್ ಇಳಿಬಿಟ್ಟು, ಸುತ್ತಿಗೆಯಿಂದ ತಟ್ಟಿದೆ.

ಏನೂ ಆಗಲಿಲ್ಲ.

ಚನ್ನವೀರಪ್ಪನವರು ಕಣ್ಣು ಮುಚ್ಚಿದರು. ನಾನು ಸುತ್ತಿಗೆ ಕೆಳಗಿಟ್ಟೆ. ಗಂಗವ್ವ ಮಾತ್ರ ಸ್ಥಿರವಾಗಿ ನಿಂತಿದ್ದರು. "ಮೇಜಿಗೆ ತಾಗಿತ್ತಲ್ರಿ ಅವತ್ತು. ತಳದಾಗ ಬಡದು ನೋಡ್ರಿ" ಎಂದರು.

ಮೂತಿಯನ್ನು ಮೇಲಕ್ಕೆ ಓರೆ ಮಾಡಿ ಪಿಸ್ತೂಲಿನ ಹಿಡಿಕೆಯ ತಳವನ್ನು ಮೇಜಿಗೆ ತಾಗಿಸಿದೆ, ಯಾರಾದರೂ ವಸ್ತುವೊಂದನ್ನು ತುಸು ಭಾರವಾಗಿ ಇಟ್ಟಷ್ಟೇ. ಪೆನ್ಸಿಲ್ ಹಾರಿ ಛಾವಣಿಗೆ ಬಡಿದು ಗುರುಪಾದಪ್ಪನವರ ಹೆಗಲ ಮೇಲೆ ಬಿತ್ತು.

"ಮತ್ತೊಮ್ಮೆ" ಎಂದರು ಚನ್ನವೀರಪ್ಪ. ಮತ್ತೊಮ್ಮೆ ಹಾರಿತು. ಆಗ ಅವರ ಬಲಗೈ ಶಾಲಿನಿಂದ ಹೊರಗೆ ಬಂತು. ನಡುಗುವ ಕೈ. ನಾನು ಮತ್ತೆ ಸ್ಲೈಡ್ ಎಳೆದು, ಸೇಫ್ಟಿ ಹಾಕಿ, ಪೆನ್ಸಿಲ್ ಇಳಿಬಿಟ್ಟು ಪಿಸ್ತೂಲನ್ನು ಅವರ ಅಂಗೈಯಲ್ಲಿಟ್ಟೆ. ತೋರುಬೆರಳನ್ನು ಎಲ್ಲರಿಗೂ ಕಾಣುವಂತೆ ನೆಟ್ಟಗೆ ಚಾಚಿ, ಟ್ರಿಗರಿನಿಂದ ದೂರವಿಟ್ಟು, ಅವರೇ ಮೇಜಿಗೆ ತಾಗಿಸಿದರು. ಪೆನ್ಸಿಲ್ ಹಾರಿತು.

ಅವರು ಸ್ಟೂಲಿನ ಮೇಲೆ ಕುಸಿದು ಕೂತರು. ಗಂಗವ್ವ ಸೆರಗಿನಿಂದ ಗಂಡನ ಮುಖ ಒರೆಸುತ್ತ, "ಮೂರು ವರ್ಷ ನನ್ನ ಮಾತು ಕೇಳಲಿಲ್ಲ. ಒಂದು ಪೆನ್ಸಿಲ್ ಮಾತು ಕೇಳಿದ್ರಿ" ಎಂದರು. ಗದರಿದ್ದೋ ಅತ್ತದ್ದೋ ಗೊತ್ತಾಗಲಿಲ್ಲ.

ಮಾರಾಟದ ಮಾತು ಬಂದಾಗ ಹಿರಿಯರು ಹಿಂಜರಿದರು. "ಇಂಥಾದ್ದನ್ನ ಇನ್ನೊಬ್ಬರ ಮನಿಗೆ ಹ್ಯಾಂಗ ಕಳಸ್ಲಿ?"

"ರಿಪೇರಿ ಆಗೂತನಕ ನಾನೂ ಹೊಸ್ತಿಲ ದಾಟಗೊಡಂಗಿಲ್ರಿ" ಎಂದಳು ಶಾಂತಾ. "ಆಮ್ಯಾಲ ಬರಲಿ. ಇವರು ಚಂದ ನೋಡಿಕೋತಾರ." ಎರಡು ದಿನದಿಂದ ನನ್ನನ್ನು ಹಂಗಿಸುತ್ತ ಬಂದವಳ ಬಾಯಲ್ಲಿ ಈ ಮಾತು ಕೇಳಿ ನಾನು ದಂಗಾದೆ.

ಲೈಸೆನ್ಸ್ ಇರುವ ರಿಪೇರಿಯವರಿಂದ ಹೊಸ ಕೊಕ್ಕೆ ಹಾಕಿಸಿ, ಮತ್ತೆ ನಾನೇ ಪರೀಕ್ಷೆ ಮಾಡಿದ ಮೇಲೆ ಅರ್ಜಿ ಹಾಕುವುದೆಂದು ಒಪ್ಪಂದವಾಯಿತು. ಹಾಗೆಯೇ ಆಯಿತು ಕೂಡ. ಡಿ.ಸಿ. ಕಚೇರಿಯ ಒಪ್ಪಿಗೆ ಬಂದು ಅದು ನನ್ನ ತಿಜೋರಿ ಸೇರುವ ಹೊತ್ತಿಗೆ ಮಳೆಗಾಲ ಮುಗಿದಿತ್ತು.

ಪೆನ್ಸಿಲ್ ಹಾರಿದ ಆ ದಿನ ಜೀಪು ನಮ್ಮನ್ನು ಹಾವೇರಿ ಬಸ್‌ಸ್ಟ್ಯಾಂಡಿಗೆ ಬಿಟ್ಟಿತು. ಹುಬ್ಬಳ್ಳಿ ಬಸ್ಸು ಹೊರಡುವವರೆಗೆ ಹಿರಿಯರಿಬ್ಬರೂ ನಮ್ಮ ಜೊತೆಗಿದ್ದರು, ಹೋಗಿರೆಂದರೂ ಹೋಗಲಿಲ್ಲ. ಬಸ್ಸು ಹಿಂದಕ್ಕೆ ಸರಿದು ತಿರುಗುವಾಗ ನಾನು ಕಿಟಕಿಯಿಂದ ನೋಡಿದೆ. ಬೆಂಚಿನ ಮೇಲೆ ಚನ್ನವೀರಪ್ಪನವರು ಪಕ್ಕದಲ್ಲಿ ಕೂತಿದ್ದ ಯಾರೋ ಗುರುತಿಲ್ಲದ ಪ್ರಯಾಣಿಕನಿಗೆ ತಮ್ಮ ತೋರುಬೆರಳನ್ನು ನೆಟ್ಟಗೆ ಚಾಚಿ ತೋರಿಸುತ್ತ, ಏನನ್ನೋ ಹುರುಪಿನಿಂದ ವಿವರಿಸುತ್ತಿದ್ದರು. ಆ ಮನುಷ್ಯ ಏನೂ ತಿಳಿಯದೆ ಹೂಂಗುಡುತ್ತಿದ್ದ. ಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.