ಎತ್ತಿಲ್ಲದ ಹಲಗೆ

ಸರ್ಫಿಂಗ್ ಹಲಗೆಯ ಮೇಲೆ ಎದ್ದು ನಿಂತ ನಮ್ಮ ಸೋದರಮಾವ, ಕೈಯಲ್ಲಿ ಹಗ್ಗ ಹಿಡಿದವರಂತೆ ಹಿಂದಕ್ಕೆ ವಾಲಿದರು. ಮರುಕ್ಷಣವೇ ಮೂಲ್ಕಿಯ ಕಡಲಿನಲ್ಲಿ ಅಂಗಾತ!

ಹಳ್ಳಿಮೈಸೂರಿನ ಮಾವ ನಾಟಿಗೆ ಮುಂಚೆ ಎತ್ತು ಎಳೆಯುವ ಹಲಗೆಯ ಮೇಲೆ ನಿಂತು ಕೆಸರುಗದ್ದೆ ಮಟ್ಟ ಮಾಡಿದವರು. ಇಲ್ಲಿ ಜನ ಹಲಗೆ ಮೇಲೆ ತೇಲುವುದನ್ನು ಕಂಡಿದ್ದೇ ತಡ, ಪಂಚೆ ಬಿಚ್ಚಿಟ್ಟು ಚಡ್ಡಿಯಲ್ಲಿ ಸಿದ್ಧರಾದರು. ಎತ್ತಿಕೊಳ್ಳಲು ಹಗುರವೆಂದು ಚೂಪು ಮೂತಿಯ ಗಿಡ್ಡ ಹಲಗೆ ಆರಿಸಿ, ಅದರ ಮೇಲೆ ಮಂಡಿಯೂರಲೂ ಆಗದೆ ಉರುಳಿದ್ದರು. ಅದು ದೊಡ್ಡ ಅಲೆಗೆ, ಪಳಗಿದವರಿಗೆ. ಹೊಸಬರಿಗೆ, ಇವತ್ತಿನ ಸಣ್ಣ ಅಲೆಗೆ ಉದ್ದ ಅಗಲದ್ದೇ ಸರಿ ಎಂದು ಕಲಿಸುವಾಕೆ ಬಾಗಿಲಿನಷ್ಟು ದೊಡ್ಡದನ್ನು ಕೊಟ್ಟಿದ್ದಳು. ಈಗ ಬಿದ್ದದ್ದು ಅದರ ಮೇಲಿಂದ.

ಉಪ್ಪುನೀರು ಉಗಿದು ಎದ್ದ ಮಾವ ನನ್ನತ್ತ ಕೂಗಿದರು: "ಗೊತ್ತಾಯ್ತು ಕಣವ್ವಾ! ಇಲ್ಲಿ ಮುಂದ್ಗಡೆ ಎತ್ತು ಎಳೀತಿಲ್ಲ, ಇಂದ್ಗಡೆಯಿಂದ ನೀರು ತಳ್ತದೆ!"

ಮುಂದಿನ ಅಲೆ ಬಂತು. ಮಾವ ಎದ್ದರು, ಮಂಡಿ ಬಗ್ಗಿಸಿದರು, ಈ ಸಲ ಮುಂದಕ್ಕೆ ಬಾಗಿದರು. ಎತ್ತುಗಳನ್ನು ಅಟ್ಟುವ ಹಳೇ ಕೂಗು ಹಾಕುತ್ತಾ ದಡದವರೆಗೂ ನಿಂತೇ ಬಂದುಬಿಟ್ಟರು! ಸೀರೆ ಉಟ್ಟಿದ್ದೇನೆಂಬುದನ್ನೂ ಮರೆತು ನಾನು ನೀರಿಗೆ ಓಡಿದೆ.

ಟಿಲ್ಲರ್ ಬಂದ ಮೇಲೆ ಕೊಟ್ಟಿಗೆ ಸೇರಿದ್ದ ಮಾವನ ಹಲಗೆಯನ್ನು ನೀರೊಲೆಗೆ ಒಡೆಸಬೇಕೆಂದು ಅತ್ತೆ ಹೇಳುತ್ತಲೇ ಇದ್ದರು. ಮೊನ್ನೆ ಊರಿಗೆ ಹೋದಾಗ ಅದು ನಡುಮನೆಯಲ್ಲಿತ್ತು. ಅದರ ಮೇಲೆ ಅತ್ತೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಂಡಿ ಬಗ್ಗಿಸಿ ನಿಂತಿದ್ದರು!