ವಜೀರ್ ನೋಡದೆ ಬಿಟ್ಟ ಟ್ರೇ

ನಮ್ಮ ಆಸ್ಪತ್ರೆಯ ಎ.ಸಿ. ಮೆಕ್ಯಾನಿಕ್ ವಜೀರ್ ಹನ್ನೆರಡು ವರ್ಷದಿಂದ ಭದ್ರಾವತಿಯಿಂದ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬರುತ್ತಾನೆ. ಒಳ್ಳೆಯ ಕೆಲಸಗಾರ, ಜಂಬ ಮಾತ್ರ ಸ್ವಲ್ಪ ಜಾಸ್ತಿ. ಔಷಧಿ ಕೌಂಟರಿನಲ್ಲಿ ಕೂರುವ ನನಗೆ ಪಾಠ ಹೇಳದಿದ್ದರೆ ಅವನಿಗೆ ತಿಂದ ಅನ್ನ ಅರಗುತ್ತಿರಲಿಲ್ಲ.

"ತಂಪು ಮಾಡೋದು ನೀರು ಮಾರಾಯ, ಫ್ಯಾನ್ ಬರೀ ಊದುತ್ತೆ" ಎನ್ನುತ್ತಿದ್ದ. ತಾರಸಿಯ ಯಂತ್ರ ನೀರನ್ನು ತಣ್ಣಗೆ ಮಾಡಿ ಪೈಪಿನಲ್ಲಿ ಕಳಿಸುತ್ತದೆ. ಚಾವಣಿಯೊಳಗಿನ ಪೆಟ್ಟಿಗೆಗಳಲ್ಲಿ ಆ ನೀರು ತಾಮ್ರದ ಸುರುಳಿಯೊಳಗೆ ಓಡುತ್ತದೆ. ಫ್ಯಾನು ಕೋಣೆಯ ಗಾಳಿಯನ್ನೇ ಎಳೆದು ಸುರುಳಿಯ ಮೇಲೆ ಹಾಯಿಸುತ್ತದೆ. ಬಿಸಿನೀರು ಬಿಟ್ಟರೆ ಅದೇ ಪೆಟ್ಟಿಗೆ ಕೋಣೆಯನ್ನು ಬೆಚ್ಚಗೂ ಮಾಡುತ್ತದಂತೆ. ತಣ್ಣನೆಯ ಸುರುಳಿ ಬೆವರುತ್ತದೆ, ಆ ನೀರು ಕೆಳಗಿನ ಟ್ರೇಗೆ ಬಿದ್ದು ಸಣ್ಣ ಪೈಪಿನಲ್ಲಿ ಹೊರಗೆ ಹೋಗಬೇಕು. ಹೋಗುತ್ತದೋ ಇಲ್ಲವೋ ಎಂದು ತಿಂಗಳಿಗೊಮ್ಮೆ ಟ್ರೇಗೆ ಒಂದು ಮಗ್ ನೀರು ಸುರಿದು ನೋಡುವುದು ನಿಯಮ.

ಏಪ್ರಿಲ್‌ನಲ್ಲಿ ವಾರ್ಡಿನ ಮುಂದಿನ ಪೆಟ್ಟಿಗೆಗೆ ವಜೀರ್ ನೀರು ಸುರಿಯಲಿಲ್ಲ. ಏಣಿಯ ಮೇಲೆ ನಿಂತು ಕಿವಿಗೊಟ್ಟು, "ಸದ್ದು ಕೇಳಿದ್ರೇ ಗೊತ್ತಾಗುತ್ತೆ ನಂಗೆ" ಎಂದು ತಪಾಸಣೆಯ ಕಾರ್ಡಿಗೆ ಸಹಿ ಹಾಕಿ ಇಳಿದ.

ಮೂರನೇ ದಿನ ಅದೇ ಪೆಟ್ಟಿಗೆಯ ಕೆಳಗೆ ರೋಗಿಯೊಬ್ಬರ ತಾಯಿ ನೆಲದ ಮೇಲಿನ ನೀರಿಗೆ ಜಾರಿ ಬಿದ್ದು ಕೈ ಮುರಿದುಕೊಂಡರು. ಮ್ಯಾನೇಜರ್ ಹರಿಪ್ರಸಾದ್ ನೆಲ ಒರೆಸುವ ಜಲಜಮ್ಮನ ಮೇಲೆ ಎಗರಾಡಿದರು.

"ನಾನು ಒಣಗಿಸಿಯೇ ಹೋಗಿದ್ದೆ ಸಾರ್. ಮೇಲಿಂದ ಬಿದ್ದಿರ್ಬೇಕು, ವಜೀರಣ್ಣನ್ನ ಕೇಳಿ."

ವಜೀರ್ ತಲೆಯೆತ್ತಿದ. ಚಾವಣಿಯಲ್ಲಿ ಒದ್ದೆ ಕಲೆ ಕಂಡಿತು. ಆದರೂ, "ಮಿಷನ್ ಸರಿ ಇದೆ ಸಾರ್, ಮೊನ್ನೆ ತಾನೇ ನೋಡಿದ್ದೀನಿ" ಎಂದುಬಿಟ್ಟ. ನಾಳೆಯಿಂದ ಬರಬೇಡ ಎಂದು ಜಲಜಮ್ಮನನ್ನು ಕಳಿಸಿದರು.

ಎಲ್ಲರೂ ಚದುರಿದ ಮೇಲೆ ವಜೀರ್ ಏಣಿ ಹತ್ತಿದ. ಪೈಪಿನ ಬಾಯಿಗೆ ಲೋಳೆ ಕಟ್ಟಿ ಟ್ರೇ ತುಂಬಿ ತುಳುಕುತ್ತಿತ್ತು. ಕಳ್ಳನ ಹಾಗೆ ಬಳಿದು ತೆಗೆದ. ಆಮೇಲೆ ಮೂರು ದಿನ ಅವನು ನನ್ನ ಕೌಂಟರಿನ ಕಡೆ ಸುಳಿಯಲಿಲ್ಲ. ಮನೆಯಲ್ಲೂ ಊಟ ಸೇರದ್ದು ಕಂಡು ಹೆಂಡತಿ ಮುಬೀನಾ ಬಾಯಿ ಬಿಡಿಸಿದಳು.

"ಹೆಂಗಸಿನ ಅನ್ನ ಕಿತ್ಕೊಂಡು ಸುಮ್ನೆ ಬಂದ್ರಾ?" ಎಂದು ಕೇಳಿದಳು. ಅವನು ತಟ್ಟೆ ಬಿಟ್ಟು ಎದ್ದ.

ಮರುದಿನ ನಮ್ಮೆಲ್ಲರ ಎದುರಿಗೇ ಹರಿಪ್ರಸಾದರಿಗೆ ನಿಜ ಹೇಳಿದ. ಜೀವನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲವಂತೆ. ನನಗೂ ಅವನ ಮುಖ ನೋಡಲಾಗಲಿಲ್ಲ. ಅವನಿಗೆ ನೋಟಿಸು ಬಂತು, ಜಲಜಮ್ಮ ಕೆಲಸಕ್ಕೆ ವಾಪಸು ಬಂದಳು. "ತಪ್ಪಾಯ್ತಮ್ಮ" ಎಂದು ಕೈ ಮುಗಿದ. "ಆಯ್ತು ಬಿಡಣ್ಣ, ಎಲ್ರಿಗೂ ಆಗುತ್ತೆ" ಎಂದಳು. ದೊಡ್ಡ ಮನಸ್ಸು ಎಂದುಕೊಂಡೆ.

ಮೇ ತಿಂಗಳಲ್ಲಿ ವಜೀರ್ ಆ ಪೆಟ್ಟಿಗೆಗೆ ಒಂದು ಗಂಟೆ ಕೊಟ್ಟು, ಟ್ರೇಗೆ ಮಗ್ ನೀರನ್ನೂ ಸುರಿದು, ಒಂದನ್ನೂ ಬಿಡದೆ ಎಲ್ಲ ನೋಡಿ ಇಳಿದ. ಏಣಿ ಮಡಚುತ್ತಿದ್ದಾಗ ಜಲಜಮ್ಮ ಖಾಲಿ ಬಕೆಟ್ ತಂದು ಸರಿಯಾಗಿ ಆ ಪೆಟ್ಟಿಗೆಯ ಕೆಳಗಿಟ್ಟಳು. ವಜೀರ್ ಏಣಿಯನ್ನು ಹೆಗಲಿಗೇರಿಸಿ, ಬಕೆಟ್ಟಿಗೆ ತಾಗದ ಹಾಗೆ ಬಳಸಿಕೊಂಡು ಹೋದ.