ಎಂಜಿನ್ನಿನ ಉಸಿರು ಬಲ್ಲ ವೈನಿ

ಬೆಟಗೇರಿಯ ನಮ್ಮ ಮನೆಯಲ್ಲಿ ಎರಡು ಪಡ್ಡಿನ ಹಂಚುಗಳಿದ್ದವು. ಒಂದರಲ್ಲಿ ಪಡ್ಡು ಬೇಯುತ್ತಿದ್ದವು. ಇನ್ನೊಂದರ ಗುಳಿಗಳಲ್ಲಿ ಕಾರ್ಬುರೇಟರಿನ ಸೂಜಿ, ಜೆಟ್ಟು, ಸ್ಪ್ರಿಂಗು, ತಿರುಪುಗಳು ಬಿಚ್ಚಿದ ಕ್ರಮದಲ್ಲೇ ಕುಳಿತಿರುತ್ತಿದ್ದವು. ಎರಡಕ್ಕೂ ಒಬ್ಬರೇ ಒಡತಿ, ನನ್ನ ಅಣ್ಣನ ಹೆಂಡತಿ ನೀಲಮ್ಮ ವೈನಿ. ಹೊಸದಾಗಿ ಬಂದ ನೆಂಟರು ಪಡ್ಡು ತಿನ್ನುವ ಮುಂಚೆ ಒಮ್ಮೆ ಮೂಸಿ ನೋಡುತ್ತಿದ್ದರು. ಹಂಚು ಅದಲುಬದಲಾದದ್ದು ಮಾತ್ರ ಒಮ್ಮೆಯೂ ಇಲ್ಲ.

ವೈನಿಯ ತವರು ಮುಳಗುಂದ. ಅಲ್ಲಿ ಅವರ ಅಪ್ಪನದು ಹಿಟ್ಟಿನ ಗಿರಣಿ. ಗಿರಣಿ ನಡೆಸಲು ಎಣ್ಣೆ ಎಂಜಿನ್ನು, ಆ ಎಂಜಿನ್ನಿಗೆ ಮೂರು ಹೊತ್ತೂ ಹಿಟ್ಟಿನ ಧೂಳು. ಗಂಡುಮಕ್ಕಳಿಲ್ಲದ ಮನೆಯಾದ್ದರಿಂದ ಅದರ ನಳಿಗೆ ಬಿಚ್ಚಿ ತೊಳೆಯುವ ಕೆಲಸ ಹಿರಿಯ ಮಗಳ ಪಾಲಿಗೆ ಬಂದಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಅವರು ನಮ್ಮ ಮನೆಗೆ ಸೊಸೆಯಾಗಿ ಬಂದರು. ಆಗ ನಮ್ಮಲ್ಲಿ ಕಾರೂ ಇರಲಿಲ್ಲ, ಅವರಿಗೆ ಇಂಥ ವಿದ್ಯೆ ಗೊತ್ತೆಂಬ ಸುಳಿವೂ ಇರಲಿಲ್ಲ. ಎಪ್ಪತ್ತರ ದಶಕದ ನಡುವೆ ಅಣ್ಣ ಬಸಣ್ಣ ಹತ್ತಿ ವ್ಯಾಪಾರದ ಓಡಾಟಕ್ಕೆಂದು ಹಳೆಯ ಅಂಬಾಸಿಡರ್ ಒಂದನ್ನು ತಂದ. ಆ ವರ್ಷದ ಹತ್ತಿ ಸುಗ್ಗಿ ಮುಗಿಯುವುದರೊಳಗೆ ಅದು ಮುಗ್ಗರಿಸತೊಡಗಿತು. ಒಂದು ಮುಂಜಾನೆ ಅಣ್ಣ ಅಂಗಳದಲ್ಲಿ ಸೆಲ್ಫ್ ಹೊಡೆದು ಹೊಡೆದು ಬೇಸತ್ತಾಗ, ಒಳಗೆ ರೊಟ್ಟಿ ಬಡಿಯುತ್ತಿದ್ದ ವೈನಿ ಅಲ್ಲಿಂದಲೇ ಕೂಗಿದರು:

"ಅದಕ ಉಸಿರ ಸಾಲವಲ್ದು. ಸುಮ್ನ ಯಾಕ ಒದರಸ್ತೀರಿ?"

ಅಣ್ಣ ನಕ್ಕುಬಿಟ್ಟ. ಅರ್ಧ ತಾಸಿನ ಮೇಲೆ ಏರ್ ಫಿಲ್ಟರಿನೊಳಗಿಂದ ವೈನಿ ಒಂದು ಮುಷ್ಟಿ ಅರಳೆ ತೆಗೆದು ಅವನ ಕೈಗಿಟ್ಟಾಗ ಆ ನಗು ನಿಂತಿತು.

ಅಲ್ಲಿಂದ ಮುಂದೆ ಪ್ರತಿ ಅಮಾವಾಸ್ಯೆ ಕಾರಿನದಾಯಿತು. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡುವುದು ಎಲ್ಲರ ರೂಢಿ. ಆ ದಿನ ಅಣ್ಣ ಊರು ಬಿಡುತ್ತಿರಲಿಲ್ಲ. ಉಳಿದವರು ಹೊರಗೆ ನೀರು ಸುರಿದು, ಕುಂಕುಮ ಹಚ್ಚಿ, ಕಾಯಿ ಒಡೆದು ಮುಗಿಸಿದರೆ ವೈನಿ ಮೊದಲು ಬಾನೆಟ್ ಎತ್ತುತ್ತಿದ್ದರು. "ಒಳಗ ಹೊಲಸ ಇಟ್ಟ ಹೊರಗ ಕುಂಕಮ ಹಚ್ಚಿದ್ರ ದೇವ್ರರ ಹೆಂಗ ಒಪ್ಪತಾನ?" ಎನ್ನುವುದು ಅವರ ಮಾತು.

ಪೆಟ್ರೋಲು ಕೈಗೆ ತೆಗೆದುಕೊಳ್ಳುವ ಮುನ್ನ ಮನೆಯ ಒಲೆ ಆರಬೇಕು. ಇದರಲ್ಲಿ ರಿಯಾಯತಿ ಇಲ್ಲ. ಹೂರಣ ರುಬ್ಬಿಟ್ಟ ಅವ್ವ ಗೋಡೆಗೆ ಒರಗಿ ಕುಳಿತು ಗೊಣಗುತ್ತಿದ್ದಳು: "ಈ ಕಾರಿನ ದೆಸಿಂದ ಅಮಾಸಿ ಹೋಳಗಿ ಸಂಜಿಮುಂದ ತಿನ್ನೂದಾತು." ವೈನಿ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಕಾರ್ಬುರೇಟರಿನ ಗಂಟಲಲ್ಲಿ ತೆರೆದು ಮುಚ್ಚುವ ತಟ್ಟೆಗೆ ಕಟ್ಟಿದ ಕರಿ ಅಂಟನ್ನು ಪೆಟ್ರೋಲು ಅದ್ದಿದ ಹಳೆಯ ಧೋತರದ ಚೂರಿನಿಂದ ಉಜ್ಜುವರು. ಸಣ್ಣ ತೂತುಗಳಿಗೆ ಸೈಕಲ್ ಪಂಪಿನಿಂದ ಗಾಳಿ ಹೊಡೆಯುವರು. ಶಿರಹಟ್ಟಿಯ ನಮ್ಮ ಸೋದರಮಾವ ಒಮ್ಮೆ ಬುದ್ಧಿವಂತಿಕೆ ತೋರಿಸಲು ಜೆಟ್ಟಿನ ತೂತಿಗೆ ತಂತಿ ಹಾಕಹೋದಾಗ ವೈನಿ ಅವರ ಕೈಯನ್ನೇ ಹಿಡಿದುಬಿಟ್ಟರು. "ಮಾವಾರ, ಕೂಸಿನ ಕಿವ್ಯಾಗ ದಬ್ಬಣ ಹಾಕ್ತಾರೇನ್ರಿ?" ಮಾವ ತಂತಿಯನ್ನು ಜೇಬಿಗಿಳಿಸಿ ಹೋಳಿಗೆಯ ದಾರಿ ಕಾಯುತ್ತ ಕುಳಿತರು.

ಎಲ್ಲಕ್ಕಿಂತ ಅವರಿಗೆ ಅಕ್ಕರೆ ಬ್ರೀದರ್ ನಳಿಗೆಯ ಮೇಲೆ. ಎಂಜಿನ್ನಿನ ಹೊಟ್ಟೆಯಲ್ಲಿ ಸೇರುವ ಹೊಗೆ ಹೊರಗೆ ಹೋಗುವುದು ಅದರಿಂದ. ಅದನ್ನು ಬಿಚ್ಚಿ, ಒಂದು ತುದಿಗೆ ಅರಿವೆಯ ಬೂಚು ತುರುಕಿ, ತುಂಬ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಹಾಕಿ ನೆನೆಯಿಡುವರು. ತಾಸಿನ ಮೇಲೆ ಎಣ್ಣೆ ಚೆಲ್ಲಿ, ಹುರಿಗೆ ಕಟ್ಟಿದ ಬಟ್ಟೆಯನ್ನು ಒಳಗಿಂದ ಎಳೆದು, ಒಂದು ಕಣ್ಣು ಮುಚ್ಚಿ ಆಕಾಶಕ್ಕೆ ಹಿಡಿದು ನೋಡುವರು. "ಆಕಾಶ ಕಾಣ್ತಂದ್ರ ಆತು."

ಇಂಥವರ ಹೆಸರಿಗೆ ಮಸಿ ಬಳಿದವನು ನಾನೇ.

ಆಗ ನನಗೆ ಗದುಗಿನ ಕಚೇರಿಯೊಂದರಲ್ಲಿ ಗುಮಾಸ್ತನ ಕೆಲಸ ಸಿಕ್ಕಿತ್ತು. ಲಕ್ಷ್ಮೇಶ್ವರದಿಂದ ಹೆಣ್ಣಿನ ಕಡೆಯವರು ನಮ್ಮ ಮನೆ ನೋಡಲು ಬರುವವರಿದ್ದರು. ಅಂಗಳದ ಫರಸಿ ಕಲ್ಲನ್ನು ಉಜ್ಜಿ ತೊಳೆಸಿ, ಎಲ್ಲರ ಕಣ್ಣಿಗೆ ಬೀಳುವಂತೆ ಕಾರು ನಿಲ್ಲಿಸಿದ್ದೆ. ನೋಡಿದರೆ ಅದರ ಕೆಳಗೆ ಫರಸಿಯ ಮೇಲೆ ಕರಿ ಚುಕ್ಕಿಗಳು! ಬಗ್ಗಿ ಹುಡುಕಿದಾಗ ಒಂದು ನಳಿಗೆಯ ತುದಿಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಚಿಮಣಿ ಎಣ್ಣೆಯ ಬಾಟಲಿಗೆ ಗೋವಿನಜೋಳದ ದಿಂಡನ್ನು ಬಡಿದು ಬೂಚು ಮಾಡುವುದು ನಮ್ಮ ಕಡೆಯ ಪದ್ಧತಿ. ನನ್ನ ಬುದ್ಧಿಯೂ ಅಲ್ಲಿಯವರೆಗೇ ಓಡಿತು. ಒಂದು ದಿಂಡು ಕೆತ್ತಿ, ನಳಿಗೆಗೆ ಕಲ್ಲಿನಿಂದ ಬಡಿದೆ. ಎಣ್ಣೆ ನಿಂತಿತು. ಬಂದವರು ಮನೆ ಮೆಚ್ಚಿ, ಮಾತು ಕೊಟ್ಟು ಹೋದರು. ಆ ಸಂಭ್ರಮದಲ್ಲಿ ದಿಂಡು ಯಾರಿಗೆ ನೆನಪಿರುತ್ತದೆ?

ಎರಡು ದಿನದ ಮೇಲೆ ಅಣ್ಣ ಮುಂಡರಗಿಗೆ ಹೊರಟ. ಡಂಬಳ ಮುಟ್ಟುವುದರೊಳಗೆ ಎಂಜಿನ್ನು ಸಂದುಸಂದಿನಿಂದ ಎಣ್ಣೆ ಉಗುಳಿ, ದಟ್ಟ ಹೊಗೆ ಎಬ್ಬಿಸಿತು. ಅವನು ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿಸಿ ಎಳೆಸಿಕೊಂಡು ಬಂದ. ಅಮಾವಾಸ್ಯೆ ಕಳೆದು ಆಗಿನ್ನೂ ಐದು ದಿನ. ತಪ್ಪು ಯಾರದೆಂದು ಯಾರೂ ಹುಡುಕುವ ಕಷ್ಟ ತೆಗೆದುಕೊಳ್ಳಲಿಲ್ಲ.

"ನಿನ್ನ ಕೈಯಾಗ ಕೊಟ್ಟಿದ್ದ ನನ್ನ ತಪ್ಪು. ಇನ್ನ ಮ್ಯಾಲ ಬಾನೆಟ್ ಮುಟ್ಟಬ್ಯಾಡ," ಎಂದ ಅಣ್ಣ.

"ನಾ ಬಡಕೊಂಡಿದ್ದಿಲ್ಲೇನು? ಹೆಂಗಸ್ರು ಮಾಡೂ ಕೆಲಸಾನ ಅದು?" ಎಂದಳು ಅವ್ವ.

ವೈನಿ ಒಳಗೆ ಹೋದರು. ಆ ರಾತ್ರಿ ಉಣ್ಣಲಿಲ್ಲ.

ಮರುದಿನ ಮುಂಜಾನೆ ಗ್ಯಾರೇಜಿನ ಹುಸೇನಸಾಬ ಮಿಸ್ತ್ರಿ ಬಂದರು. ಗದುಗಿನ ಗ್ಯಾರೇಜ್ ಸಾಲಿನಲ್ಲಿ ಅವರ ಮಾತಿಗೆ ಎದುರಿಲ್ಲ. ಎಣ್ಣೆಯಲ್ಲಿ ಮಿಂದ ಎಂಜಿನ್ನನ್ನು ನೋಡಿ ತಲೆಯಾಡಿಸಿದರು. "ಪಿಸ್ಟನ್ ರಿಂಗ್ ಹೋಗಿರಬೇಕ್ರಿ ಬಸಣ್ಣಾರ. ಎಂಜಿನ್ ಇಳಸಿ ಪೂರಾ ಬಿಚ್ಚಬೇಕಾಗ್ತೈತಿ."

ಆಗ ವೈನಿ ಹೊಸ್ತಿಲು ದಾಟಿ ಬಂದರು. "ಮಿಸ್ತ್ರಿಯಾರ, ಇಳಸೂಕಿಂತ ಮೊದ್ಲ ಬ್ರೀದರ್ ನಳಿಗಿ ಒಂದ್ ನೋಡೂಣ್ರಿ. ನಾ ಬಿಚ್ಚಿ ತೊಳದಿದ್ದು, ನಾನ ಬಿಚ್ಚಿ ತೋರಸ್ತೀನಿ. ತಪ್ಪ ನಂದ ಇದ್ರ ಈ ಜನ್ಮದಾಗ ಇನ್ನ ಪಾನಾ ಹಿಡಿಯಂಗಿಲ್ಲ."

ನಳಿಗೆಯ ಮಾತು ಬಂದೊಡನೆ ನನಗೆ ದಿಂಡು ನೆನಪಾಯಿತು. ಬಾಯಿ ಬಿಡಬಹುದಿತ್ತು. ಮದುವೆ ಗೊತ್ತಾದ ಗಂಡು ನಾನು, ಮಿಸ್ತ್ರಿಯ ಮುಂದೆ ಪೆದ್ದನಾಗಲು ಮನಸ್ಸಾಗದೆ ಸುಮ್ಮನೆ ನಿಂತೆ. ವೈನಿ ಕಚ್ಚೆ ಬಿಗಿದು, ಗೋಣಿತಟ್ಟಿನ ಮೇಲೆ ಅಂಗಾತ ಮಲಗಿ ಕಾರಿನ ಕೆಳಗೆ ಸರಿದರು. ನಳಿಗೆ ಬಿಚ್ಚಿ ತಂದು ಆಕಾಶಕ್ಕೆ ಹಿಡಿದರು. ಕತ್ತಲು. ಮಿಸ್ತ್ರಿ ಸಲಾಕೆ ಹಾಕಿ ನೂಕಿದಾಗ ಕರ್ರಗಾದ ದಿಂಡು ಫರಸಿಯ ಮೇಲೆ ಬಿತ್ತು.

"ನೋಡು! ತೊಳಿಯುಮುಂದ ನೀನ ಬೂಚ ಬಡದು ಮರತೀದಿ," ಎಂದ ಅಣ್ಣ.

"ನಂದು ಅರಿವೀ ಬೂಚ್ರಿ. ದಿಂಡ ನಾ ಹಾಕಂಗಿಲ್ಲ," ಎಂದರು ವೈನಿ. ಅಣ್ಣ ಮುಖ ತಿರುಗಿಸಿದ. ವೈನಿ ನಟ್ಟು ಬಿಚ್ಚಿದ ಪಾನಾವನ್ನು ಸೆರಗಿನಿಂದ ಒರೆಸಿ ಮಿಸ್ತ್ರಿಯ ಕಾಲ ಬಳಿ ಇಟ್ಟುಬಿಟ್ಟರು. ತಪ್ಪು ಅವರದೆಂದೇ ಎಲ್ಲರೂ ತೀರ್ಮಾನಿಸಿದ ಮೇಲೆ, ಕೊಟ್ಟ ಮಾತು ಕೊಟ್ಟದ್ದೇ. ಅವರ ಕಣ್ಣಲ್ಲಿ ನಾನು ನೀರು ಕಂಡದ್ದು ಅಂದೇ ಮೊದಲು. ನನ್ನಿಂದ ತಡೆಯಲಾಗಲಿಲ್ಲ.

"ವೈನಿ, ಅದು ನಾ ಬಡದಿದ್ದು."

ಫರಸಿಯ ಕಲೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅಣ್ಣನ ಮುಖ ನೋಡುವಂತಿರಲಿಲ್ಲ. ವೈನಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಲೇ ಶಂಕ್ರಪ್ಪ, ನಿನ್ನ ಮೂಗಿಗೆ ದಿಂಡ ಬಡದು ಓಡಂದ್ರ ನೀ ಡಂಬಳತನಾನರ ಮುಟ್ತೀಯೇನು?" ಮೊದಲು ನಕ್ಕವಳು ಅವ್ವ. ಅಣ್ಣ ನಗಲಿಲ್ಲ. ಬಗ್ಗಿ ಪಾನಾ ಎತ್ತಿ ವೈನಿಯ ಕೈಗೆ ಕೊಟ್ಟು, "ನನ್ನ ಮಾತು ಜಾಸ್ತಿ ಆತು. ನೀನ ಜೋಡಸು," ಎಂದ.

ಆ ಮಧ್ಯಾಹ್ನ ಮಿಸ್ತ್ರಿ ಪಕ್ಕದಲ್ಲಿ ನಿಂತು ನೋಡಿದರು, ಕೈ ಹಾಕಲಿಲ್ಲ. ವೈನಿ ಎಣ್ಣೆಹೊಗೆಯಿಂದ ಮೆತ್ತಿದ ಕಾರ್ಬುರೇಟರನ್ನು ಮತ್ತೆ ತೊಳೆದು, ನಳಿಗೆ ಕೂಡಿಸಿ, ಹೊಸ ಎಣ್ಣೆ ತುಂಬಿ ಸೆಲ್ಫ್ ಹೊಡೆದರು. ಎಂಜಿನ್ನು ಒಂದೇ ಸದ್ದಿಗೆ ಹಿಡಿದು, ಒಂದೇ ಸಮನೆ ನಡೆಯಿತು. ಎಂಜಿನ್ ಇಳಿಸುವ ಮಾತು ಅಲ್ಲಿಗೆ ಮುಗಿಯಿತು. "ಅಕ್ಕಾರ, ಐವತ್ತ ಎಂಜಿನ್ ಇಳಸಿದ ಕೈ ಇದು, ಇವತ್ತ ಸೋತೈತ್ರಿ," ಎಂದು ಹುಸೇನಸಾಬರು ಚಹಾ ಕುಡಿದು ಎದ್ದರು.

ಆಮೇಲೆ ಯಳವತ್ತಿಯ ಜೀಪು, ಶಿರಹಟ್ಟಿಯ ಫಿಯಾಟು ನಮ್ಮ ಅಂಗಳಕ್ಕೆ ಬಂದವು. ಕಳಿಸಿದವರು ಹುಸೇನಸಾಬರೇ. "ಹೊಗಿ ಬ್ಯಾನಿ ಇದ್ರ ಬೆಟಗೇರಿ ಅಕ್ಕಾರ ಕಡಿ ಹೋಗ್ರಿ" ಎನ್ನುತ್ತಿದ್ದರಂತೆ. ಕಚೇರಿಯಲ್ಲಿ ಸಾಹೇಬರ ಕಾರು ಕೆಮ್ಮಿದರೆ ಸಾಕು, ನಾನು ಎದೆಯುಬ್ಬಿಸಿ "ನಮ್ಮ ವೈನಿಗೆ ತೋರಸ್ರಿ" ಎನ್ನುತ್ತಿದ್ದೆ. ನನ್ನ ನೌಕರಿಗಿಂತ ಹೆಚ್ಚಿನ ಮರ್ಯಾದೆ ನನಗೆ ಆ ಮಾತಿನಿಂದ ಬಂತು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ವೈನಿಗೆ ಕಾಮಾಲೆಯಾಯಿತು. ಎಂಟೇ ದಿನ. ಕೊನೆಯ ಸಲ ಮಾತಾಡಿಸಿದಾಗ ನನ್ನ ಹೆಂಡತಿಯ ಕೈ ಹಿಡಿದು, ನಮ್ಮ ಹುಡುಗರ ಪರೀಕ್ಷೆಯ ಬಗ್ಗೆ ಕೇಳಿದರು. ಮರುದಿನ ನಸುಕಿನಲ್ಲಿ ಹೋಗಿಬಿಟ್ಟರು.

ಹುಸೇನಸಾಬರಿಗೆ ಸುದ್ದಿ ಮುಟ್ಟಿಸಲು ಹೊತ್ತೇರಿದ ಮೇಲೆ ಗ್ಯಾರೇಜ್ ಸಾಲಿಗೆ ಹೋದೆ. ಖಬರ ನನಗಿಂತ ಮೊದಲೇ ಹೋಗಿತ್ತು. ಸಾಲಿನ ಒಂದೊಂದು ಗ್ಯಾರೇಜೂ ಬಾಗಿಲು ಹಾಕಿತ್ತು. ಊರಿನ ದೊಡ್ಡ ದೊಡ್ಡ ಸಾಹುಕಾರರು ತೀರಿಕೊಂಡಾಗಲೂ ಅಲ್ಲಿ ಸುತ್ತಿಗೆಯ ಸದ್ದು ನಿಂತದ್ದನ್ನು ನಾನು ಕೇಳಿರಲಿಲ್ಲ. ಮಿಸ್ತ್ರಿಗಳೆಲ್ಲ ತೊಳೆದ ಅಂಗಿ ತೊಟ್ಟು ರಸ್ತೆಯ ಬದಿ ನಿಂತಿದ್ದರು. ಕೆಟ್ಟ ಲಾರಿ ತಂದವನೊಬ್ಬ, "ಅಂಥಾದ್ದು ಯಾರ ಸತ್ತಾರಂತ ಎಲ್ಲಾರೂ ಬಂದ್ ಮಾಡೀರಿ?" ಎಂದು ರೇಗುತ್ತಿದ್ದ.

ಹುಸೇನಸಾಬರು ನನ್ನನ್ನು ನೋಡಿ ಟೋಪಿ ಸರಿಮಾಡಿಕೊಂಡರು. ಆಮೇಲೆ ಅವನ ಕಡೆ ತಿರುಗಿ ಹೇಳಿದರು:

"ನಮ್ಮ ಪೈಕಿ ಒಬ್ರು ಮಿಸ್ತ್ರಿ ಹೋಗ್ಯಾರ. ಮಣ್ಣ ಆಗೂತನಾ ಬಾಗಲಾ ತಗಿಯಂಗಿಲ್ಲ."